ನಾಯಿಯ ಕರುಳು, ಕೊಕ್ಕೆಹುಳು ಮತ್ತು ಶ್ರಾವಕನ ದಯೆ

1832ರ ಜೂನ್ ತಿಂಗಳಿನಲ್ಲಿ ಮುಂಬಯಿಯ ಕೋಟೆ ಪ್ರದೇಶದ ಅಂಗಡಿಗಳು ಮುಚ್ಚಿದವು. ಬೀದಿನಾಯಿಗಳನ್ನು ಕೊಂದು ತಂದವರಿಗೆ ತಲೆಗೆ ಎಂಟಾಣೆಯಂತೆ ಬಹುಮಾನ ಕೊಡುವ ಸರ್ಕಾರಿ ಕ್ರಮಕ್ಕೆ ಅಲ್ಲಿನ ಜನತೆ ತೋರಿದ ಪ್ರತಿಭಟನೆ ಅದು. ಎಂಟಾಣೆಯ ಆಸೆಗೆ ಮನೆಯಂಗಳದ ನಾಯಿಗಳನ್ನೂ ಹಿಡಿದು ಕೊಲ್ಲಲಾರಂಭಿಸಿದಾಗ, ನಾಯಿಯನ್ನು ಪವಿತ್ರವೆಂದು ಭಾವಿಸುವ ಪಾರ್ಸಿಗಳು ಮೊದಲು ಬೀದಿಗಿಳಿದರು. ಹಿಂದೂಗಳೂ ಜೈನರೂ ಅವರ ಜೊತೆಗೂಡಿದರು. ಕಂಪನಿ ಸರ್ಕಾರ ಸೈನ್ಯವನ್ನು ಕರೆಸಬೇಕಾಯಿತು. ಎರಡು ವರ್ಷಗಳ ತರುವಾಯ, 1834ರಲ್ಲಿ, ಪಾರ್ಸಿ ವರ್ತಕ ಜಮ್‌ಶೇಟ್‌ಜಿ ಜೀಜೀಭಾಯ್ ಹಾಗೂ ಗುಜರಾತಿನ ಜೈನ ವರ್ತಕರ ಔದಾರ್ಯದಿಂದ ಮುಂಬಯಿಯ ಪಾಂಜರಪೋಳ ಸ್ಥಾಪನೆಗೊಂಡಿತು. ಕೊಲೆಗೆ ಗುರಿಯಾಗಿದ್ದ ನಾಯಿಗೆ ಒಂದು ಸೂರು ದೊರೆಯಿತು.

ಗುಜರಾತಿನಲ್ಲಿ ಇಂತಹ ಸಂಸ್ಥೆಗಳು ಅದಕ್ಕೂ ಬಹಳ ಹಿಂದಿನಿಂದ ಇದ್ದವು. 1823ರಲ್ಲಿ ಸೂರತ್ತಿನ ಪ್ರಾಣಿಶಾಲೆಯನ್ನು ಕಂಡ ಅಲೆಕ್ಸಾಂಡರ್ ಬರ್ನ್ಸ್ ಎಂಬ ಆಂಗ್ಲ ಸೇನಾಧಿಕಾರಿ, ಮುದಿ ದನ, ಕುಂಟ ಕುದುರೆಗಳಿಗಿಂತ ಅಲ್ಲಿದ್ದ ಬೇರೊಂದು ಕಟ್ಟಡವನ್ನು ಕಂಡು ಬೆರಗಾದನು. ಹಲಗೆ ಹಾಸಿದ ಆ ಮನೆಯ ಕೆಳಭಾಗಕ್ಕೆ ಧಾನ್ಯವನ್ನು ಸುರಿದು, ಅದರಲ್ಲಿ ಹುಟ್ಟಿ ಬೆಳೆಯುವ ಹುಳುಹುಪ್ಪಟೆಗಳನ್ನು ಪೋಷಿಸಲಾಗುತ್ತಿತ್ತು. ಬರ್ನ್ಸನು ಇದನ್ನು ಭ್ರಾಂತಿಯೆಂದು ನಕ್ಕು ಬರೆದನು. ನಗು ಸುಲಭ. ಆದರೆ ಒಂದೇ ಆವರಣದಲ್ಲಿ ನಾಯಿಗೂ ಆಶ್ರಯ, ಹುಳುವಿಗೂ ಆಶ್ರಯ ಎಂದು ಸಂಕಲ್ಪಿಸಿದ ಆ ಮಹಾಜನರ ಮುಂದೆ, ಅವರಿಗೇ ಅರಿವಿಲ್ಲದಂತೆ, ಬಹು ಕಠಿಣವಾದ ಒಂದು ಪ್ರಶ್ನೆ ಇದ್ದಿತು. ಆ ನಾಯಿಯ ಕರುಳಿನೊಳಗೇ ಹುಳುಗಳು ವಾಸವಾಗಿದ್ದವು. ಬೀದಿಯ ಬಡಿಗೆಯಿಂದ ಪಾರಾದ ನಾಯಿಮರಿ ಆಶ್ರಯದ ಅಂಗಳದಲ್ಲಿ ಒಸಡು ಬಿಳಚಿ, ಕಪ್ಪು ಭೇದಿಯಾಗಿ ಸಾಯುವಾಗ ಅದನ್ನು ಕೊಲ್ಲುತ್ತಿದ್ದುದು ದ್ವೀಂದ್ರಿಯ ಜೀವ. ಮರಿಯನ್ನು ಉಳಿಸಬೇಕಾದರೆ ಹುಳುವನ್ನು ಕಳೆಯಬೇಕು.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಇಂದ್ರಿಯಗಳ ಸಂಖ್ಯೆಯನ್ನನುಸರಿಸಿ ತ್ರಸಜೀವಗಳನ್ನು ಹೇಳುವಾಗ ಕೃಮಿಯಿಂದಲೇ ಪ್ರಾರಂಭಿಸುತ್ತದೆ. ಕೃಮಿಗೆ ಸ್ಪರ್ಶ ಮತ್ತು ರಸನ ಎಂಬ ಎರಡು ಇಂದ್ರಿಯಗಳು. ಇರುವೆಗೆ ಮೂರು, ದುಂಬಿಗೆ ನಾಲ್ಕು, ಮನುಷ್ಯಾದಿಗಳಿಗೆ ಐದು. ನಾಯಿ ಪಂಚೇಂದ್ರಿಯ ತಿರ್ಯಂಚ. ಗೃಹಸ್ಥನ ಅಹಿಂಸಾಣುವ್ರತವು ಏಕೇಂದ್ರಿಯ ಸ್ಥಾವರಗಳ ವಿಷಯದಲ್ಲಿ ಅನಿವಾರ್ಯ ವಿನಾಯಿತಿಯನ್ನು ಕೊಡುತ್ತದೆಯೇ ಹೊರತು ತ್ರಸಜೀವಗಳ ಸಂಕಲ್ಪಪೂರ್ವಕ ವಧೆಗೆ ಕೊಡುವುದಿಲ್ಲ. ಕರುಳಿನ ಹುಳು ಕಣ್ಣಿಗೆ ಕಾಣದು, ಹೇಸಿಗೆಯ ವಸ್ತು ಎಂಬ ಕಾರಣಕ್ಕೆ ಈ ಲೆಕ್ಕದಿಂದ ತಪ್ಪಿಸಿಕೊಳ್ಳಲಾರದು. ಆದುದರಿಂದ ಈ ಹುಳು ಯಾವುದು, ಎಲ್ಲಿಂದ ಬರುತ್ತದೆ, ಹೇಗೆ ಬದುಕುತ್ತದೆ ಎಂಬುದನ್ನು ಮೊದಲು ತಿಳಿಯಬೇಕಾಗುತ್ತದೆ. ಆ ತಿಳಿವಳಿಕೆ ಬಂದ ಬಗೆಯೂ ನಿರ್ಮಲವಾದುದಲ್ಲ.

ಯುರೋಪಿನ ಪಂಡಿತರು ಬಹುಕಾಲ ಕರುಳಿನ ಹುಳುಗಳು ಶರೀರದ ಕೊಳೆಯಿಂದ ತಾವಾಗಿಯೇ ಹುಟ್ಟುತ್ತವೆಂದು ನಂಬಿದ್ದರು. 1668ರಲ್ಲಿ ಫ್ರಾನ್ಸೆಸ್ಕೊ ರೆಡಿ, ಮುಚ್ಚಿಟ್ಟ ಮಾಂಸದಲ್ಲಿ ಹುಳು ಹುಟ್ಟುವುದಿಲ್ಲವೆಂದು ತೋರಿಸಿದ ಮೇಲೂ ಕರುಳಿನ ಹುಳುಗಳ ವಿಷಯದಲ್ಲಿ ಹಳೆಯ ನಂಬಿಕೆ ಹತ್ತೊಂಬತ್ತನೆಯ ಶತಮಾನದವರೆಗೂ ಉಳಿಯಿತು. ಜೈನಾಗಮಗಳು ಇಂತಹ ಜೀವಗಳ ಜನ್ಮವನ್ನು ಸಮ್ಮೂರ್ಛನವೆಂದು ಕರೆದಿವೆ. ಗರ್ಭವೂ ಉಪಪಾದವೂ ಅಲ್ಲದ ಜನ್ಮವೆಂದು ಅದನ್ನು ಗ್ರಹಿಸುವವರಿಗೆ, ಮಣ್ಣಿನಲ್ಲಿ ಒಡೆಯುವ ತತ್ತಿಯ ಸಂಗತಿ ಶಾಸ್ತ್ರವಿರೋಧವಾಗಿ ತೋರಬೇಕಾಗಿಲ್ಲ.

1789ರಲ್ಲಿ ಜರ್ಮನಿಯ ಫ್ರೋಲಿಶ್ ಎಂಬಾತನು ನರಿಯ ಕರುಳಿನಲ್ಲಿ ಈ ಜಾತಿಯ ಹುಳುವನ್ನು ಕಂಡು ‘ಕೊಕ್ಕೆಹುಳು’ ಎಂಬ ಅರ್ಥದ ಹೆಸರನ್ನಿಟ್ಟನು. ಗಂಡುಹುಳುವಿನ ಬಾಲದ ತುದಿಯಲ್ಲಿ ಕಂಡ ಕೊಕ್ಕೆಯಂತಹ ಎಳೆಗಳೇ ಆ ಹೆಸರಿಗೆ ಕಾರಣ. ಹುಳುವಿನ ಬಾಗಿದ ತಲೆಯಿಂದಲೋ ಬಾಯಿಯ ಹಲ್ಲುಗಳಿಂದಲೋ ಆ ಹೆಸರು ಬಂದಿತೆಂಬ ಪ್ರಚಲಿತ ವಿವರಣೆ ಅನಂತರದ್ದು. 1838ರಲ್ಲಿ ಮಿಲಾನ್ ನಗರದ ವೈದ್ಯ ಆಂಜೆಲೊ ಡುಬಿನಿ ರೈತ ಮಹಿಳೆಯೊಬ್ಬಳ ಶವಪರೀಕ್ಷೆಯಲ್ಲಿ ಮನುಷ್ಯನ ಕೊಕ್ಕೆಹುಳುವನ್ನು ಗುರುತಿಸಿ, 1843ರಲ್ಲಿ ಅದರ ವರ್ಣನೆಯನ್ನು ಪ್ರಕಟಿಸಿದನು. ನಾಯಿಯ ಕೊಕ್ಕೆಹುಳುವನ್ನು 1859ರಲ್ಲಿ ವರ್ಣಿಸಿದವನು ಇಟಲಿಯ ಪಶುವೈದ್ಯ ಎರ್ಕೊಲಾನಿ. ಇಂದು ಅದರ ಶಾಸ್ತ್ರೀಯ ನಾಮ ಆನ್ಸಿಲೋಸ್ಟೋಮ ಕೆನೈನಮ್. ಒಂದರಿಂದ ಎರಡು ಸೆಂಟಿಮೀಟರ್ ಉದ್ದದ, ಬಾಯಿಯ ಅಂಚಿನಲ್ಲಿ ಮೂರು ಜೊತೆ ಹಲ್ಲುಗಳುಳ್ಳ, ನೂಲೆಳೆಯಂತಹ ಜೀವಿ ಅದು.

ಹುಳು ಕರುಳನ್ನು ಹೊಕ್ಕುವ ದಾರಿ ಮಾತ್ರ ಇನ್ನೂ ತಿಳಿದಿರಲಿಲ್ಲ. ಜರ್ಮನಿಯ ರುಡಾಲ್ಫ್ ಲಾಯ್ಕಾರ್ಟ್ 1860ರ ದಶಕದಲ್ಲಿ ನಾಯಿಯ ಕೊಕ್ಕೆಹುಳುವಿನ ತತ್ತಿಗಳು ಒಡೆದು ಹೊರಬಂದ ಮರಿಗಳನ್ನು ಒದ್ದೆ ಮಣ್ಣಿನಲ್ಲಿ ಬೆಳೆಸಿ, ನಾಯಿಗಳಿಗೆ ತಿನ್ನಿಸಿ, ಅವು ಕರುಳಿನಲ್ಲಿ ಬೆಳೆಯುವುದನ್ನು ತೋರಿಸಿದನು. ಬಾಯಿಯೊಂದೇ ದ್ವಾರವೆಂದು ಎಲ್ಲರೂ ಭಾವಿಸಿದರು. 1880ರಲ್ಲಿ ಆಲ್ಪ್ಸ್ ಪರ್ವತದ ಸೇಂಟ್ ಗೊಥಾರ್ಡ್ ಸುರಂಗವನ್ನು ಕೊರೆಯುತ್ತಿದ್ದ ಕಾರ್ಮಿಕರು ರಕ್ತಹೀನತೆಯಿಂದ ನರಳತೊಡಗಿದಾಗ, ಟ್ಯೂರಿನ್ನಿನ ಪೆರೊಂಚಿಟೊ ಅವರ ಕರುಳಿನ ಕೊಕ್ಕೆಹುಳುವೇ ಅದಕ್ಕೆ ಕಾರಣವೆಂದು ತೋರಿಸಿಕೊಟ್ಟನು. ಆದರೂ ಅಷ್ಟೊಂದು ಜನರ ಬಾಯಿಗೆ ಅಷ್ಟೊಂದು ಮಣ್ಣು ಹೋದುದು ಹೇಗೆ?

ಉತ್ತರ ದೊರೆತುದು ಕೈರೋ ನಗರದಲ್ಲಿ, ಆಕಸ್ಮಿಕವಾಗಿ. ಅಲ್ಲಿ ಕೆಲಸ ಮಾಡುತ್ತಿದ್ದ ಆರ್ಥರ್ ಲೂಸ್ ಎಂಬ ಜರ್ಮನ್ ವಿಜ್ಞಾನಿ ಪ್ರಾಣಿಗಳ ಬಾಯಿಗೆ ಮರಿಹುಳುಗಳ ನೀರನ್ನು ಬಿಡುತ್ತಿರುವಾಗ ಒಂದು ತೊಟ್ಟು ಅವನ ಕೈಮೇಲೆ ಚೆಲ್ಲಿತು. ಕೈ ಕೆಂಪಾಗಿ ತುರಿಸಿತು. ಕೆಲವು ವಾರಗಳ ಮೇಲೆ ಅವನ ಮಲದಲ್ಲಿಯೇ ಕೊಕ್ಕೆಹುಳುವಿನ ತತ್ತಿಗಳು ಕಂಡುಬಂದವು. 1898ರಲ್ಲಿ ಅವನು ಈ ಸಂಗತಿಯನ್ನು ಪ್ರಕಟಿಸಿದಾಗ ಹಲವರು ನಂಬಲಿಲ್ಲ. ಅದನ್ನು ಸಿದ್ಧಪಡಿಸಲು ಅವನು ನಾಯಿಮರಿಗಳನ್ನು ಆರಿಸಿಕೊಂಡನು. ಮರಿಗಳ ಚರ್ಮಕ್ಕೆ ಹುಳುಗಳನ್ನು ಸವರಿ, ಬೇರೆಬೇರೆ ಅವಧಿಗಳಲ್ಲಿ ಅವುಗಳನ್ನು ಕೊಂದು ಸೀಳಿ, ಹುಳು ಚರ್ಮದಿಂದ ರಕ್ತನಾಳಕ್ಕೆ, ಹೃದಯದ ಮೂಲಕ ಶ್ವಾಸಕೋಶಕ್ಕೆ, ಅಲ್ಲಿಂದ ಶ್ವಾಸನಾಳವನ್ನೇರಿ ಗಂಟಲಿಗೆ, ನುಂಗಿದಾಗ ಕರುಳಿಗೆ ಸಾಗುವ ಮಾರ್ಗವನ್ನು ಹೆಜ್ಜೆಹೆಜ್ಜೆಯಾಗಿ ಗುರುತಿಸಿದನು. 1905 ಮತ್ತು 1911ರಲ್ಲಿ ಪ್ರಕಟವಾದ ಅವನ ಬೃಹದ್ಗ್ರಂಥ ಇಂದಿಗೂ ಗೌರವಕ್ಕೆ ಪಾತ್ರವಾಗಿದೆ. ಅದರ ಪುಟಪುಟಗಳ ಹಿಂದೆ ಸತ್ತ ಮರಿಗಳಿವೆ. ಬರಿಗಾಲಿನ ರೈತನಿಗೂ ಬೀದಿಯ ನಾಯಿಗೂ ಈ ಜ್ಞಾನದಿಂದ ಉಪಕಾರವಾದುದು ನಿಜ; ಉಪಕಾರ ದೊಡ್ಡದಾದ ಮಾತ್ರಕ್ಕೆ ಸಂಕಲ್ಪೀ ಹಿಂಸೆ ಬೇರೊಂದು ಹೆಸರನ್ನು ಪಡೆಯಲಾರದು.

ಆ ಜ್ಞಾನದ ಸಾರ ಹೀಗಿದೆ. ಒಂದು ಹೆಣ್ಣುಹುಳು ದಿನಕ್ಕೆ ಸಾವಿರಾರು ತತ್ತಿಗಳನ್ನಿಡುತ್ತದೆ. ಅವು ನಾಯಿಯ ಮಲದೊಡನೆ ನೆಲಕ್ಕೆ ಬಿದ್ದು, ತೇವವೂ ನೆರಳೂ ಬೆಚ್ಚನೆಯ ಹವೆಯೂ ಇದ್ದಲ್ಲಿ ಒಂದೆರಡು ದಿನಗಳಲ್ಲಿ ಒಡೆಯುತ್ತವೆ. ಸುಮಾರು ಒಂದು ವಾರದಲ್ಲಿ ಮರಿಹುಳು ಚರ್ಮವನ್ನು ಕೊರೆಯಬಲ್ಲ ಅವಸ್ಥೆಗೆ ಬರುತ್ತದೆ. ಕರುಳನ್ನು ಸೇರಿದ ಹುಳು ಅದರ ಒಳಪದರವನ್ನು ಕಚ್ಚಿ ರಕ್ತವನ್ನು ಹೀರುತ್ತದೆ; ಸ್ಥಳ ಬದಲಿಸಿದಾಗ ಹಳೆಯ ಗಾಯದಿಂದಲೂ ರಕ್ತ ಸೋರುತ್ತದೆ. ಒಂದು ಹುಳುವಿನಿಂದ ದಿನವೊಂದಕ್ಕೆ ಸುಮಾರು 0.1 ಮಿಲಿಲೀಟರ್ ರಕ್ತ ನಷ್ಟವಾಗುತ್ತದೆಂದು ಲೆಕ್ಕ. ಅಲ್ಪವೆಂದು ತೋರುವ ಈ ಅಂಕಿಯನ್ನು ಒಂದು ಕಿಲೋಗ್ರಾಂ ತೂಕದ ಮರಿಯೊಡನೆ ಇಟ್ಟು ನೋಡಬೇಕು. ಅದರ ಮೈಯಲ್ಲಿರುವುದು ಹೆಚ್ಚುಕಡಿಮೆ 80ರಿಂದ 90 ಮಿಲಿಲೀಟರ್ ರಕ್ತ. ನೂರು ಹುಳುಗಳಿದ್ದರೆ ದಿನಕ್ಕೆ ಹತ್ತು ಮಿಲಿಲೀಟರ್ ಹೋಗುತ್ತದೆ. ಮರಿ ಒಂದು ವಾರ ಉಳಿಯುವುದೇ ಕಷ್ಟ.

ಇನ್ನೂ ದಾರುಣವಾದ ಸಂಗತಿಯೊಂದು 1960ರ ದಶಕದಲ್ಲಿ ಬೆಳಕಿಗೆ ಬಂದಿತು. ದೊಡ್ಡ ನಾಯಿಯನ್ನು ಹೊಕ್ಕ ಮರಿಹುಳುಗಳಲ್ಲಿ ಎಲ್ಲವೂ ಕರುಳಿಗೆ ಹೋಗುವುದಿಲ್ಲ. ಕೆಲವು ಅದರ ಸ್ನಾಯುಗಳಲ್ಲಿ ಅಡಗಿ, ಬೆಳೆಯದೆ, ಸುಮ್ಮನೆ ಕಾಯುತ್ತವೆ. ಆ ನಾಯಿ ಮರಿಹಾಕಿದಾಗ ಅವು ಎಚ್ಚತ್ತು ಹಾಲಿನೊಡನೆ ಮರಿಗಳ ಹೊಟ್ಟೆಗೆ ಇಳಿಯುತ್ತವೆ. ತಾಯಿ ನೋಡಲು ಆರೋಗ್ಯವಾಗಿಯೇ ಇರುತ್ತದೆ. ಅದರ ಮಲದಲ್ಲಿ ಒಂದು ತತ್ತಿಯೂ ಇಲ್ಲದಿರಬಹುದು. ಮರಿಗಳು ಎರಡು ಮೂರು ವಾರಗಳೊಳಗೆ, ತಮ್ಮ ಮಲದಲ್ಲಿ ತತ್ತಿ ಕಾಣಿಸುವ ಮುನ್ನವೇ ಸಾಯಬಹುದು. ದುಂಡುಹುಳುವಿನ ಮರಿಗಳು ಇನ್ನೂ ಮುಂದೆ ಹೋಗಿ, ಗರ್ಭದಲ್ಲಿರುವಾಗಲೇ ಮಾಸುಚೀಲವನ್ನು ದಾಟಿ ನಾಯಿಮರಿಯನ್ನು ಸೇರುತ್ತವೆ. ದೃಷ್ಟಿದೋಷ, ತಾಯಿಯ ಅಲಕ್ಷ್ಯ ಎಂದೆಲ್ಲ ಜನ ಹೇಳುತ್ತಿದ್ದ ಎಷ್ಟೋ ಮರಿಗಳ ಸಾವಿನ ಕಾರಣ ಇದೇ ಆಗಿದ್ದಿರಬೇಕು.

ಭಾರತದೊಡನೆ ಈ ಇತಿಹಾಸಕ್ಕೆ ನೇರವಾದ ಸಂಬಂಧವಿದೆ. 1911ರಲ್ಲಿ ಲೂಸ್ ಸಿಂಹಳದ ಪುನುಗುಬೆಕ್ಕಿನಲ್ಲಿ ದೊರೆತ ಮತ್ತೊಂದು ಕೊಕ್ಕೆಹುಳುವನ್ನು ವರ್ಣಿಸಿ ಅದಕ್ಕೆ ಆ ದೇಶದ ಹೆಸರನ್ನೇ ಇಟ್ಟನು. ನಾಯಿ ಬೆಕ್ಕುಗಳಲ್ಲಿ ಸಾಮಾನ್ಯವಾದ ಆ ಹುಳುವನ್ನು 1913ರಲ್ಲಿ ಕ್ಲೇಟನ್ ಲೇನ್ ಎಂಬ ವೈದ್ಯಾಧಿಕಾರಿ ಬಂಗಾಳದ ಸೆರೆಮನೆಯ ಕೈದಿಗಳಲ್ಲಿ ಕಂಡನು. ನಾಯಿಯ ಹುಳು ಮನುಷ್ಯನ ಕರುಳಿನಲ್ಲಿ ಪೂರ್ಣವಾಗಿ ಬೆಳೆಯಬಲ್ಲದೆಂಬ ಆ ಎಚ್ಚರಿಕೆ ದಶಕಗಳ ಕಾಲ ಮರೆತುಹೋಗಿ, ಈ ಶತಮಾನದಲ್ಲಿ ಮತ್ತೆ ದೃಢಪಟ್ಟಿದೆ. ಕೆನೈನಮ್ ಜಾತಿಯ ಮರಿಹುಳು ಮನುಷ್ಯನ ಚರ್ಮವನ್ನು ಹೊಕ್ಕರೆ ಸಾಮಾನ್ಯವಾಗಿ ಕರುಳಿಗೆ ಇಳಿಯಲಾರದೆ ಚರ್ಮದಲ್ಲಿಯೇ ಅಲೆದು, ಕೆಂಪು ಗೆರೆಗಳಂತೆ ಬಾವು ಎಬ್ಬಿಸುತ್ತದೆ. ದುಂಡುಹುಳುವಿನ ತತ್ತಿ ಮಕ್ಕಳ ಬಾಯಿಗೆ ಹೋದರೆ ಅದರ ಮರಿ ಕಣ್ಣನ್ನೂ ಸೇರಿ ದೃಷ್ಟಿಯನ್ನು ಕೆಡಿಸಬಹುದು. ಬರಿಗಾಲಿನಲ್ಲಿ ಪ್ರದಕ್ಷಿಣೆ ಬರುವ ಬಸದಿಯ ಅಂಗಳದಲ್ಲಿ ನಾಯಿಗಳಿಗೆ ಅನ್ನ ಹಾಕುವ ಪದ್ಧತಿಯುಳ್ಳ ಟ್ರಸ್ಟುಗಳು ಈ ಮಾತನ್ನು ಗಮನಿಸಬೇಕಾಗಿದೆ.

ಲಾಡಿಹುಳುಗಳ ಕಥೆ ಬೇರೆ. ಅವುಗಳಲ್ಲಿ ಒಂದು ಜಾತಿ ನಾಯಿಯ ಚಿಗಟದ ಮೂಲಕ ಬರುತ್ತದೆ. ಅತ್ಯಂತ ಅಪಾಯಕರವಾದ ಇನ್ನೊಂದು ಜಾತಿ ಬರುವುದು ಕಸಾಯಿಖಾನೆಯಿಂದ. ವಧಿಸಿದ ಕುರಿಯ ಗಂಟುಕಟ್ಟಿದ ಶ್ವಾಸಕೋಶ, ಯಕೃತ್ತುಗಳನ್ನು ನಾಯಿಗೆ ಎಸೆದಾಗ ನಾಯಿಗೆ ಹುಳು, ನಾಯಿಯ ಮಲದಿಂದ ಮನುಷ್ಯನಿಗೆ ನೀರುಗಂಟು. 1863ರಲ್ಲಿ ಐಸ್‌ಲ್ಯಾಂಡಿಗೆ ಹೋದ ಡೆನ್ಮಾರ್ಕಿನ ಪಶುವೈದ್ಯ ಹರಾಲ್ಡ್ ಕ್ರಾಬೆ ಈ ಚಕ್ರವನ್ನು ವಿವರಿಸುವ ಕಿರುಹೊತ್ತಗೆಯನ್ನು ಬರೆದು, ಅದನ್ನು ಅಲ್ಲಿನ ಮನೆಮನೆಗೂ ಹಂಚಲಾಯಿತು. ಓದುವ ಅಭ್ಯಾಸವಿದ್ದ ಆ ಜನ ಓದಿ ಅರ್ಥಮಾಡಿಕೊಂಡರು. ಆ ದ್ವೀಪದಿಂದ ರೋಗ ಕ್ರಮೇಣ ನಿರ್ಮೂಲವಾಯಿತು. ಕೊಲ್ಲುವ ಕಟ್ಟೆ ಇಲ್ಲದಲ್ಲಿ ಈ ಹುಳುವಿನ ಮುಖ್ಯ ದಾರಿಯೊಂದು ಮುಚ್ಚುತ್ತದೆಂಬುದು ಅಹಿಂಸಾವಾದಿಗಳು ಅಷ್ಟಾಗಿ ಹೇಳದ ಸಂಗತಿ.

ಔಷಧಗಳ ಇತಿಹಾಸದಲ್ಲಿ ಕನ್ನಡಿಗರಿಗೆ ಪರಿಚಿತವಾದ ಎರಡು ವಸ್ತುಗಳು ಎದುರಾಗುತ್ತವೆ. ಒಂದು, ಮಲೆನಾಡು ಕರಾವಳಿಗಳ ಅಡಿಕೆ. ಅಡಿಕೆಯ ಪುಡಿಯನ್ನು ಪಾಶ್ಚಾತ್ಯ ಪಶುವೈದ್ಯರು ನಾಯಿಗಳ ಲಾಡಿಹುಳು ಬೀಳಿಸಲು ಬಹುಕಾಲ ಬಳಸಿದರು. 1888ರಲ್ಲಿ ಯಾನ್ಸ್ ಎಂಬ ಜರ್ಮನ್ ರಸಾಯನಜ್ಞ ಅದರಿಂದ ಅರೆಕೋಲಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದನು. ನ್ಯೂಜಿಲೆಂಡಿನಲ್ಲಿ ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ನೀರುಗಂಟಿನ ರೋಗದ ವಿರುದ್ಧ ನಾಯಿಗಳಿಗೆಲ್ಲ ಕುಡಿಸಿದ್ದು ಇದನ್ನೇ. ಇನ್ನೊಂದು ಓಮ. ಓಮದ ಕಾಳಿನಿಂದ ತೆಗೆದ ಥೈಮಾಲ್ 1880ರ ಸುಮಾರಿನಿಂದ ಮನುಷ್ಯರ ಕೊಕ್ಕೆಹುಳುವಿಗೆ ಮುಖ್ಯ ಔಷಧವಾಗಿ, ಭಾರತದ ಓಮ ಯುರೋಪಿಗೆ ರಫ್ತಾಯಿತು. ಮನೆಯ ನಾಯಿಗೆ ಅಡಿಕೆಯನ್ನೋ ಓಮವನ್ನೋ ಅಂದಾಜಿನಿಂದ ತಿನ್ನಿಸಬಾರದು ಎಂಬುದನ್ನು ಇಲ್ಲಿಯೇ ಹೇಳಬೇಕು. ಅರೆಕೋಲಿನ್ ಹೆಚ್ಚಾದರೆ ವಿಷ.

1921ರಲ್ಲಿ ಅಮೆರಿಕದ ಮಾರಿಸ್ ಹಾಲ್ ಎಂಬ ಪಶುವೈದ್ಯ ವಿಜ್ಞಾನಿ ಕಾರ್ಬನ್ ಟೆಟ್ರಾಕ್ಲೋರೈಡ್ ನಾಯಿಗಳ ಕೊಕ್ಕೆಹುಳುಗಳನ್ನು ಬೀಳಿಸುತ್ತದೆಂದು ಕಂಡುಹಿಡಿದನು. ಅವನ ಪರೀಕ್ಷಾವಿಧಾನ ಹೀಗಿತ್ತು: ನಾಯಿಗೆ ಔಷಧ ಕೊಟ್ಟು, ಮಲದಲ್ಲಿ ಬಿದ್ದ ಹುಳುಗಳನ್ನೆಲ್ಲ ಎಣಿಸಿ, ಅನಂತರ ನಾಯಿಯನ್ನು ಕೊಂದು ಕರುಳಿನಲ್ಲಿ ಉಳಿದವನ್ನು ಎಣಿಸುವುದು. ಮನುಷ್ಯರಿಗೆ ಕೊಡುವ ಮುನ್ನ ಅದೇ ಔಷಧವನ್ನು ಹಾಲ್ ತಾನೇ ಕುಡಿದು ನೋಡಿದನೆಂಬುದನ್ನೂ ಮರೆಯುವಂತಿಲ್ಲ. ತನ್ನ ಮೈಯನ್ನು ಒಡ್ಡುವ ಧೈರ್ಯವಿದ್ದ ಆತನಿಗೂ ನಾಯಿಯ ಜೀವದ ಬೆಲೆ ಒಂದು ಅಂಕಿಯಾಗಿಯೇ ಕಂಡಿತು. ಆ ಔಷಧ ಯಕೃತ್ತಿಗೆ ಹಾನಿಕರವೆಂದು ತಿಳಿದು ಬಳಕೆಯಿಂದ ಹೋಯಿತು. 1960ರ ದಶಕದಲ್ಲಿ ಬಂದ ಪೈರಾಂಟೆಲ್, ಆಮೇಲಿನ ಫೆನ್‌ಬೆಂಡಜೋಲ್ ಮೊದಲಾದವು ಇಂದು ರೂಢಿಯಲ್ಲಿವೆ.

ಇಲ್ಲಿ ಶ್ರಾವಕನ ಪ್ರಶ್ನೆ ಮರಳಿ ಬರುತ್ತದೆ. ಪೈರಾಂಟೆಲ್ ಹುಳುವಿನ ಸ್ನಾಯುಗಳನ್ನು ಸ್ತಂಭಿಸುತ್ತದೆ. ಹಿಡಿತ ಕಳೆದುಕೊಂಡ ಹುಳು ಮಲದೊಡನೆ ಹೊರಬೀಳುತ್ತದೆ. ಕೊಂದುದಲ್ಲ, ಹೊರಹಾಕಿದುದು ಎಂದು ಕೆಲವರು ಸಮಾಧಾನ ತಂದುಕೊಳ್ಳಬಹುದು. ಆದರೆ ಹೊರಬಿದ್ದ ಹುಳು ಬದುಕುವುದಿಲ್ಲ. ಅದನ್ನು ಅರಿತೇ ಔಷಧ ಕೊಡಲಾಗುತ್ತದೆ. ಮಾತಿನ ಚಾತುರ್ಯದಿಂದ ಆಸ್ರವ ತಪ್ಪದು. ನೂರು ಹುಳು ಸತ್ತರೂ ಒಂದು ನಾಯಿ ಉಳಿಯಿತು ಎಂಬ ವಾದವಾದರೂ ನಿರ್ದುಷ್ಟವೇ? ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯ ಇಂತಹ ಲೆಕ್ಕಾಚಾರಗಳನ್ನು ಒಂದೊಂದಾಗಿ ತಳ್ಳಿಹಾಕಿದೆ. ಅನೇಕ ಸಣ್ಣ ಜೀವಗಳ ಬದಲು ಒಂದು ದೊಡ್ಡ ಜೀವವನ್ನು ಕೊಲ್ಲುವುದು ಲೇಸೆಂಬ ಮಾತನ್ನೂ, ಘಾತುಕ ಜೀವಿಯನ್ನು ಕೊಂದರೆ ಬಹುಜೀವಗಳ ರಕ್ಷಣೆಯಾಗುತ್ತದೆಂಬ ಮಾತನ್ನೂ, ನರಳುವ ಪ್ರಾಣಿಯನ್ನು ಕೊಂದು ದುಃಖದಿಂದ ಬಿಡಿಸಬೇಕೆಂಬ ಮಾತನ್ನೂ ಅದು ಒಪ್ಪುವುದಿಲ್ಲ. ನರಳುವ ನಾಯಿಗೆ ವಿಷದ ಸೂಜಿ ಚುಚ್ಚುವ ಮಾರ್ಗವನ್ನೂ ಆಚಾರ್ಯರು ಹೀಗೆ ಮುಚ್ಚಿದ್ದಾರೆ. ಹುಳುವಿನ ವಧೆಯನ್ನು ಪುಣ್ಯವೆಂದು ಕರೆಯುವ ಮಾರ್ಗವನ್ನೂ ಮುಚ್ಚಿದ್ದಾರೆ.

ಆದರೆ ಚಿಕಿತ್ಸೆಯ ಮಾರ್ಗ ಮುಚ್ಚಿಲ್ಲ. ಹಿಂಸೆಯ ಸ್ವರೂಪವನ್ನು ಪ್ರಮತ್ತಯೋಗದಿಂದ ನಿರ್ಣಯಿಸುವ ದರ್ಶನವಿದು. ಆಶ್ರಯಕ್ಕೆ ತಂದ ಜೀವದ ಹೊಣೆ ಹೊತ್ತ ಗೃಹಸ್ಥನು, ಹುಳುವಿನ ಮೇಲೆ ದ್ವೇಷವಿಲ್ಲದೆ, ಬೇರೆ ಉಪಾಯ ಕಾಣದೆ ಕೊಡುವ ಔಷಧವನ್ನು, ಎಂಟಾಣೆಗಾಗಿ ನಾಯಿಯನ್ನು ಬಡಿದವನ ಕೃತ್ಯದೊಡನೆ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಔಷಧವನ್ನು ಕೊಡದೆ ಬಿಟ್ಟುಬಿಡುವುದೂ ನಿಷ್ಕ್ರಿಯತೆಯೆಂಬ ಕಾರಣಕ್ಕೆ ನಿರ್ದೋಷವಾಗುವುದಿಲ್ಲ. ಮರಿಯನ್ನು ಬೋನಿನೊಳಗೆ ಕೂಡಿಹಾಕಿ, ಅದೇ ನೆಲದ ಹುಳುಗಳಿಗೆ ಒಡ್ಡಿದವರು ಟ್ರಸ್ಟಿನವರೇ. ದೋಷವಿಲ್ಲವೆಂದಲ್ಲ. ಪ್ರತಿಕ್ರಮಣದಲ್ಲಿ ದ್ವೀಂದ್ರಿಯ ಜೀವಗಳನ್ನು ಹೆಸರಿಸಿಯೇ ಆಲೋಚನೆ ಮಾಡುವ ಪದ್ಧತಿ ಇಂತಹ ಸಂದರ್ಭಗಳಿಗೂ ಸಲ್ಲುತ್ತದೆ. 1926ರಲ್ಲಿ ಅಹಮದಾಬಾದಿನ ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿ ಅರುವತ್ತು ನಾಯಿಗಳನ್ನು ಕೊಲ್ಲಿಸಿದಾಗ ಎದ್ದ ವಿವಾದದಲ್ಲಿ ಗಾಂಧೀಜಿ ಕೊಲೆಯನ್ನು ಅನಿವಾರ್ಯವೆಂದು ಸಮರ್ಥಿಸಿದುದನ್ನು ಅನೇಕ ಜೈನರು ಒಪ್ಪಲಿಲ್ಲ, ಒಪ್ಪಬೇಕಾದುದೂ ಇಲ್ಲ. ಆದರೆ ಬೀದಿಯಲ್ಲಿ ಒಂದು ತುತ್ತು ಎಸೆದು ನಡೆದುಬಿಡುವುದು ದಯೆಯಲ್ಲ, ಸಾಕುವುದಾದರೆ ಪೂರ್ಣವಾಗಿ ಸಾಕಬೇಕು ಎಂದು ‘ಯಂಗ್ ಇಂಡಿಯಾ’ ಪತ್ರಿಕೆಯ ಲೇಖನಮಾಲೆಯಲ್ಲಿ ಅವರು ಎತ್ತಿದ ಆಕ್ಷೇಪಕ್ಕೆ ಉತ್ತರ ಕೊಡುವುದು ಸುಲಭವಲ್ಲ.

ಚರಕಸಂಹಿತೆ ಕೃಮಿಚಿಕಿತ್ಸೆಯನ್ನು ಮೂರು ಬಗೆಯಾಗಿ ಹೇಳುತ್ತದೆ: ಹೊರತೆಗೆಯುವುದು, ಅವು ಬೆಳೆಯುವ ಪರಿಸ್ಥಿತಿಯನ್ನು ಕೆಡಿಸುವುದು, ಕಾರಣಗಳನ್ನು ವರ್ಜಿಸುವುದು. ಮೂರನೆಯದೇ ಜೈನಗೃಹಸ್ಥನಿಗೆ ಹತ್ತಿರವಾದುದು. ಹುಟ್ಟದ ಹುಳುವನ್ನು ಕೊಲ್ಲಬೇಕಾಗಿಲ್ಲ. ಮುನಿಗಳ ಪಂಚಸಮಿತಿಗಳಲ್ಲಿ ಐದನೆಯದಾದ ಉತ್ಸರ್ಗಸಮಿತಿ ಮಲಮೂತ್ರಗಳನ್ನು ಜೀವರಹಿತವಾದ, ಒಣಗಿದ ಸ್ಥಳದಲ್ಲಿ ಯತ್ನಪೂರ್ವಕವಾಗಿ ವಿಸರ್ಜಿಸಬೇಕೆನ್ನುತ್ತದೆ. ಮುನಿಗಳಿಗೆ ವಿಧಿಸಿದ ಈ ಎಚ್ಚರವನ್ನು ನಾಯಿಗಳ ಅಂಗಳಕ್ಕೆ ಅನ್ವಯಿಸಿದರೆ ಕೊಕ್ಕೆಹುಳುವಿನ ಚಕ್ರ ಅರ್ಧದಲ್ಲಿಯೇ ನಿಲ್ಲುತ್ತದೆ. ತತ್ತಿ ಮರಿಯಾಗಿ ಚರ್ಮ ಕೊರೆಯಲು ಸುಮಾರು ಒಂದು ವಾರ ಬೇಕು. ಪ್ರತಿದಿನವೂ ಮಲವನ್ನು ತೆಗೆಯುವ ಅಂಗಳದಲ್ಲಿ ಅದಕ್ಕೆ ಆ ಅವಕಾಶವಿಲ್ಲ. ತೇವದ ಮಣ್ಣುನೆಲ ಅದಕ್ಕೆ ಪ್ರಿಯ, ಬಿಸಿಲು ಬೀಳುವ ಒಣನೆಲ ಅಪ್ರಿಯ.

ಔಷಧವೊಂದನ್ನೇ ನಂಬಿ ಪದೇಪದೇ ಕೊಡುವುದರ ಫಲ ಈಗಾಗಲೇ ಕಂಡುಬಂದಿದೆ. ಅಮೆರಿಕದ ಓಟದ ನಾಯಿಗಳ ದೊಡ್ಡಿಗಳಲ್ಲಿ ವರ್ಷಾನುಗಟ್ಟಲೆ ಔಷಧ ಸುರಿದ ತರುವಾಯ, ಮುಖ್ಯವಾದ ಎಲ್ಲ ವರ್ಗಗಳ ಔಷಧಕ್ಕೂ ಬಗ್ಗದ ಕೊಕ್ಕೆಹುಳುಗಳು ಬೆಳೆದಿರುವುದು 2019ರಿಂದ ಪ್ರಕಟವಾದ ಸಂಶೋಧನೆಗಳಿಂದ ಸ್ಪಷ್ಟವಾಗಿದೆ. ಆದುದರಿಂದ ದೊಡ್ಡ ನಾಯಿಗಳಿಗೆ ಮಲಪರೀಕ್ಷೆ ಮಾಡಿಸಿ, ಹುಳುವಿದ್ದರೆ ಮಾತ್ರ, ತೂಕಕ್ಕೆ ತಕ್ಕ ಪ್ರಮಾಣದಲ್ಲಿ, ಪಶುವೈದ್ಯರ ಸಲಹೆಯಂತೆ ಔಷಧ ಕೊಡಿಸುವುದು ಯುಕ್ತ. ಮರಿಗಳ ವಿಷಯ ಹಾಗಲ್ಲ. ತಾಯಿಯ ಹಾಲಿನಲ್ಲಿಯೇ ಹುಳು ಬರುವುದರಿಂದ ತತ್ತಿಗಾಗಿ ಕಾದರೆ ತಡವಾಗುತ್ತದೆ. ಎರಡನೆಯ ವಾರದಿಂದ ತೊಡಗಿ ಎರಡು ವಾರಕ್ಕೊಮ್ಮೆ, ಎಂಟನೆಯ ವಾರದವರೆಗೆ ಮರಿಗಳಿಗೂ, ಅದೇ ವೇಳೆಗೆ ತಾಯಿಗೂ ಔಷಧ ಕೊಡುವುದು ಪಶುವೈದ್ಯರ ಸಾಮಾನ್ಯ ಕ್ರಮ. ಬೀದಿಯಿಂದ ತಂದ ಬಸುರಿ ನಾಯಿಯನ್ನು ಒಳಗೆ ಸೇರಿಸಿಕೊಳ್ಳುವ ದಿನವೇ ಆ ದಿನಾಂಕಗಳನ್ನು ಟ್ರಸ್ಟಿನ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕಾಗುತ್ತದೆ.